ಸದಸ್ಯರಿಗೊಂದು ಹೆಸರು ಬೇಕಾ?

ಆನ್‌ಲೈನ್ ಗುಂಪು ನೋಡಿಕೊಳ್ಳುವ ಕೆಲಸದಲ್ಲಿ ಇದ್ದರೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ: ‘ನಮ್ಮ ಮೆಂಬರ್‌ಗಳನ್ನ ಏನಂತ ಕರೆಯೋಣ?’ ಗಮನಿಸಿ, ಇದನ್ನು ಮೆಂಬರ್‌ಗಳು ಕೇಳುವುದು ಕಡಿಮೆ. ಕೇಳುವವರು ಮಾರ್ಕೆಟಿಂಗ್‌ನವರು.

ನಾನಿರುವುದು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ. ಬೀಜ, ಕುಂಡ, ಗೊಬ್ಬರ ಮಾರುತ್ತೇವೆ. ತಾರಸಿ ತೋಟ ಮಾಡುವವರು ಮಾತಾಡಿಕೊಳ್ಳಲಿ ಅಂತ ಆ್ಯಪ್‌ನಲ್ಲಿ ಒಂದು ಕನ್ನಡ ಗುಂಪಿದೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹಿಟ್ಟು ತಿಗಣೆಗೆ ಏನು ಹೊಡೆಯಬೇಕು, ಕುಂಬಳದ ಹೂವು ಕಾಯಿ ಕಚ್ಚದೆ ಯಾಕೆ ಉದುರುತ್ತದೆ, ಬಾಡಿಗೆ ಮನೆ ಓನರ್ ತಾರಸಿಗೆ ಮಣ್ಣು ತರಬೇಡಿ ಅಂದರೆ ಏನು ಮಾಡೋದು, ಇಂಥ ಮಾತುಕತೆ ದಿನವಿಡೀ ನಡೆಯುತ್ತಿರುತ್ತದೆ.

ಹೆಸರಿನ ಮೀಟಿಂಗ್‌ಗೆ ಬಂದ ಸಲಹೆಗಳನ್ನು ನೀವೇ ಊಹಿಸಬಹುದು. ಕಂಪನಿಯ ಹೆಸರಿನ ಬಾಲಕ್ಕೆ ‘ಇಯನ್ಸ್’. ‘ಗ್ರೀನ್ ವಾರಿಯರ್ಸ್’. ‘ಹಸಿರು ಸೇನಾನಿಗಳು’. ಎರಡು ಕುಂಡ ಕೊತ್ತಂಬರಿ ಬೆಳೆಯುವ ರಿಟೈರ್ಡ್ ಮೇಷ್ಟ್ರು ಸೇನಾನಿ! ಜೊತೆಗೆ ಒಂದು ಸ್ಪರ್ಧೆ, ಗೆದ್ದವರಿಗೆ ಟೀ ಶರ್ಟ್, ಒಂದು ಚೀಲ ಎರೆಗೊಬ್ಬರ.

ಸದ್ಯಕ್ಕೆ ಬೇಡ ಅಂದೆ. ಇಟ್ಟರೂ ನಾವು ಇಡೋದು ಬೇಡ ಅಂದೆ. ಯಾಕೆ ಅಂತ ಕೇಳಿದರು. ಸುಮ್ನೆ ‘ನನಗೆ ಸರಿ ಅನ್ನಿಸ್ತಿಲ್ಲ’ ಅಂದರೆ ಆಫೀಸಿನಲ್ಲಿ ನಡೆಯೋದಿಲ್ಲ ಅಲ್ವಾ? ಹಾಗಾಗಿ ಕೂತು ಯೋಚಿಸಬೇಕಾಯಿತು.

ಹೆಸರು ಕೊಟ್ಟರೆ ಜನ ಅದನ್ನು ತಮ್ಮದು ಅಂದುಕೊಳ್ಳುತ್ತಾರೆ ಅನ್ನುವ ಮಾರ್ಕೆಟಿಂಗ್‌ನವರ ವಾದವೇನೂ ಪೊಳ್ಳಲ್ಲ. ಕೊರಿಯಾದ ಹಾಡುಗಾರರ ತಂಡ ಬಿಟಿಎಸ್ ಬಂದದ್ದು 2013ರ ಜೂನ್‌ನಲ್ಲಿ. ಮರು ತಿಂಗಳೇ ಅಭಿಮಾನಿಗಳಿಗೆ ‘ಆರ್ಮಿ’ ಅನ್ನುವ ಹೆಸರು ಅಧಿಕೃತವಾಗಿ ಬಂತು. ಇವತ್ತು ಹಾಸನದ ಕಾಲೇಜು ಹುಡುಗಿಯೂ ‘ನಾನು ಆರ್ಮಿ’ ಅಂತ ಧೈರ್ಯವಾಗಿ ಹೇಳಿಕೊಳ್ಳುತ್ತಾಳೆ. ಮೇಲಿನಿಂದ ಕೊಟ್ಟ ಹೆಸರು ಅಂಟೋದೇ ಇಲ್ಲ ಅನ್ನುವ ಹಾಗಿಲ್ಲ.

ಆದರೆ ಅಲ್ಲಿ ಏನೇನಿದೆ ನೋಡಿ. ವೋಟು ಹಾಕಬೇಕು, ಹಾಡನ್ನು ಮತ್ತೆ ಮತ್ತೆ ಪ್ಲೇ ಮಾಡಿ ಮೇಲೆ ತರಬೇಕು, ಕಾರ್ಯಕ್ರಮದಲ್ಲಿ ಒಂದೇ ಥರದ ದೀಪ ಹಿಡಿದು ಆಡಿಸಬೇಕು. ಒಟ್ಟಾಗಿ ಮಾಡೋ ಕೆಲಸ ಕೈತುಂಬಾ ಇದೆ. ಇನ್ನೊಂದು ಮುಖ್ಯ ವಿಷಯ, ಎದುರಿಗೆ ಬೇರೆ ತಂಡಗಳ ಅಭಿಮಾನಿಗಳಿದ್ದಾರೆ, ಅವರಿಗೂ ಹೆಸರಿದೆ. ನಮ್ಮ ಆರ್‌ಸಿಬಿ ಅಭಿಮಾನಿಗಳ ‘ಟ್ವೆಲ್ತ್ ಮ್ಯಾನ್ ಆರ್ಮಿ’ ಕಥೆಯೂ ಹೀಗೇ. ಎದುರಾಳಿ ಇದ್ದ ಕಡೆ ಹೆಸರು ಬೇಗ ಅಂಟುತ್ತದೆ. ತಾರಸಿ ತೋಟದವರಿಗೆ ಎದುರಾಳಿ ಯಾರು? ಕೋತಿ, ಪಾರಿವಾಳ, ಹಿಟ್ಟು ತಿಗಣೆ.

ಎದುರಾಳಿ ಇಲ್ಲದ ಕಡೆ ಹೆಸರು ಇಟ್ಟರೆ ಇನ್ನೊಂದು ಅಪಾಯವಿದೆ. ಹೆಸರೇ ಎದುರಾಳಿಯನ್ನು ಹುಟ್ಟಿಸಿಬಿಡಬಹುದು. ಹೆನ್ರಿ ತಾಜ್‌ಫೆಲ್ ಅನ್ನುವ ಮನಶ್ಶಾಸ್ತ್ರಜ್ಞ 1970ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹೆಸರುವಾಸಿ. ಬ್ರಿಸ್ಟಲ್‌ನ ಶಾಲಾ ಹುಡುಗರಿಗೆ ಕೆಲವು ಚಿತ್ರ ತೋರಿಸಿ, ಕ್ಲೀ ಎಂಬ ಕಲಾವಿದನನ್ನು ಇಷ್ಟಪಟ್ಟವರು ಒಂದು ಗುಂಪು, ಕ್ಯಾಂಡಿನ್‌ಸ್ಕಿಯನ್ನು ಇಷ್ಟಪಟ್ಟವರು ಇನ್ನೊಂದು ಗುಂಪು ಅಂತ ಹೇಳಿದರು. ತನ್ನ ಗುಂಪಿನಲ್ಲಿ ಇನ್ಯಾರಿದ್ದಾರೆ ಅನ್ನೋದೂ ಹುಡುಗರಿಗೆ ಗೊತ್ತಿರಲಿಲ್ಲ. ಆಮೇಲೆ ಬೇರೆಯವರಿಗೆ ದುಡ್ಡು ಹಂಚಿ ಅಂದರು. ತಮ್ಮ ಗುಂಪಿನವರಿಗೇ ಜಾಸ್ತಿ ಕೊಟ್ಟರು. ಅದಕ್ಕಿಂತ ವಿಚಿತ್ರ ಅಂದರೆ, ತಮ್ಮವರಿಗೆ ಸಿಗೋದು ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಆ ಕಡೆಯವರಿಗಿಂತ ಮುಂದಿರಬೇಕು ಅನ್ನುವ ಹಾಗೆ ಹಂಚಿದರು. ಬರೀ ಒಂದು ಹಣೆಪಟ್ಟಿಗೆ ಇಷ್ಟು ಬಲ! ಮಾರ್ಕೆಟಿಂಗ್‌ನವರು ಇದನ್ನು ಕೇಳಿ ‘ನೋಡಿ, ಅದಕ್ಕೇ ಹೆಸರು ಬೇಕು ಅಂದಿದ್ದು’ ಅಂದರು. ನಾನು ಅದೇ ಪ್ರಯೋಗವನ್ನು ಹೆಸರು ಬೇಡ ಅನ್ನೋದಕ್ಕೆ ತೋರಿಸಿದ್ದೆ. ನಿನ್ನೆ ತಾನೆ ಮೊದಲ ಪುದೀನ ಕಡ್ಡಿ ನೆಟ್ಟವರು ನಮ್ಮಲ್ಲಿಗೆ ಬಂದು ಪ್ರಶ್ನೆ ಕೇಳಬೇಕು. ಅವರಿಗೆ ‘ನಾನು ಇವರ ಪೈಕಿ ಅಲ್ಲ’ ಅನ್ನಿಸಿದರೆ ನನ್ನ ಕೆಲಸ ಕೆಟ್ಟ ಹಾಗೇ.

ಕೇಳದೆ ಸುಮ್ಮನೆ ಓದಿಕೊಂಡು ಹೋಗುವವರ ವಿಷಯ ಬೇರೆಯೇ. ಜನ ವೆಬ್‌ಸೈಟ್‌ಗಳನ್ನು ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲಿ ಬರೆದ 90-9-1 ಸೂತ್ರ ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು. ನೂರರಲ್ಲಿ 90 ಜನ ಓದುತ್ತಾರೆ, 9 ಜನ ಆಗಾಗ ಬರೆಯುತ್ತಾರೆ, ಬಹುಪಾಲು ಬರವಣಿಗೆ ಉಳಿದ ಒಬ್ಬರದು. ಅಂಕಿ ಎಲ್ಲ ಕಡೆ ಹೀಗೇ ಇರುತ್ತದೆ ಅಂತಲ್ಲ, ಅಂದಾಜಿಗೆ ಸರಿ. ಹೆಸರನ್ನು ಎದೆಗೆ ಹಚ್ಚಿಕೊಳ್ಳುವವರು ಆ ಒಬ್ಬರು ಮಾತ್ರ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅದರಲ್ಲಿ ಲೇಖನ ಬರೆದು ತಿದ್ದುವವರು ತಮ್ಮನ್ನು ವಿಕಿಪೀಡಿಯನ್ನರು ಅಂದುಕೊಳ್ಳುತ್ತಾರೆ, ಸರಿಯಾಗಿಯೇ ಇದೆ. ಆದರೆ ಮಗನ ಹೋಂವರ್ಕ್‌ಗೆ ಅಲ್ಲಿ ಕಣ್ಣಾಡಿಸಿದವರು ಯಾರೂ ಹಾಗೆ ಹೇಳಿಕೊಳ್ಳೋದಿಲ್ಲ. ಹೇಳಿಕೊಳ್ಳಬೇಕಾಗಿಯೂ ಇಲ್ಲ. ಅಲ್ಲಿನ ಹೆಸರು ಮಾಡುವ ಕೆಲಸದಿಂದ ಬಂದದ್ದು, ಅಕೌಂಟ್ ಇದೆ ಅನ್ನೋದರಿಂದ ಬಂದದ್ದಲ್ಲ.

ನಾವು ಕರೆಯುವ ಹೆಸರು ಬೇರೆ, ಅವರು ಹೇಳಿಕೊಳ್ಳುವ ಹೆಸರು ಬೇರೆ. ಮೀಟಿಂಗ್‌ನಲ್ಲಿ ಇದನ್ನು ಅರ್ಥ ಮಾಡಿಸಲು ನನಗೆ ಸಹಾಯಕ್ಕೆ ಬಂದವರು ಡಾ. ರಾಜ್‌ಕುಮಾರ್. ಅವರು ಜನರನ್ನು ‘ಅಭಿಮಾನಿ ದೇವರುಗಳು’ ಅಂತ ಕೈಮುಗಿದು ಕರೆದರು. ಆದರೆ ಯಾವ ಅಭಿಮಾನಿಯಾದರೂ ‘ನಾನೊಬ್ಬ ದೇವರು’ ಅಂತ ತಿರುಗಾಡಿದ್ದುಂಟಾ? ಅವರು ‘ಅಣ್ಣಾವ್ರ ಅಭಿಮಾನಿ’ಗಳಾಗಿಯೇ ಉಳಿದರು. ಕರೆದದ್ದು ಅವರ ಪ್ರೀತಿ, ಹೇಳಿಕೊಂಡದ್ದು ಇವರ ಹಕ್ಕು. ಕಂಪನಿಗಳು ಈ ಎರಡನ್ನೂ ತಾವೇ ಮಾಡಲು ಹೊರಡುತ್ತವೆ.

ತಾವೇ ಇಟ್ಟುಕೊಂಡ ಹೆಸರು ಹೇಗಿರುತ್ತದೆ ಅನ್ನೋದಕ್ಕೆ ನನಗೆ ಇಷ್ಟವಾದ ಉದಾಹರಣೆ ಬೆಂಗಳೂರಿನ ‘ವೆಸ್ಟ್ ಬ್ಲಾಕ್ ಬ್ಲೂಸ್’. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದಾಗ ಆಟ ನಡೆಯುತ್ತಿದ್ದದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಪಶ್ಚಿಮದ ಸ್ಟ್ಯಾಂಡಿನಲ್ಲಿ ನಿಂತು ಕೂಗುತ್ತಿದ್ದವರು ಆ ಸ್ಟ್ಯಾಂಡಿನ ಹೆಸರನ್ನೇ ಇಟ್ಟುಕೊಂಡರು. ಮುಂದೆ ಆಟ ಕಂಠೀರವ ಸ್ಟೇಡಿಯಂಗೆ ಹೋಯಿತು, ಹೆಸರೂ ಜೊತೆಗೆ ಹೋಯಿತು. ಆ ಹೆಸರಿನಲ್ಲಿ ಸೇನೆಯಿಲ್ಲ, ಸಿಂಹ ಇಲ್ಲ. ಎಲ್ಲಿ ನಿಂತಿದ್ದೆವು, ಯಾವ ಬಣ್ಣ ಹಾಕಿದ್ದೆವು ಅನ್ನೋದಷ್ಟೇ ಇದೆ.

ಸರಿ, ಹೆಸರು ಇಡೋದಿಲ್ಲ ಅಂದರೆ ಗುಂಪು ಗಟ್ಟಿಯಾಗುತ್ತಿದೆಯಾ ಇಲ್ಲವಾ ಅಂತ ತಿಳಿಯೋದು ಹೇಗೆ? ನಾನು ಜನ ಬರೆಯುವ ರೀತಿಯನ್ನೇ ನೋಡುತ್ತಾ ಬಂದೆ. ಮೊದಮೊದಲು ಎಲ್ಲರೂ ‘ಇಲ್ಲಿ ಯಾರಿಗಾದರೂ ಗೊತ್ತಾ?’ ಅಂತ ಕೇಳುತ್ತಿದ್ದರು. ಆಮೇಲೆ ಕೆಲವರು ‘ನಮ್ಮಲ್ಲಿ ಯಾರ ಹತ್ತಿರ ಮುಳ್ಳುಸೌತೆ ಬೀಜ ಇದೆ?’ ಅಂತ ಬರೆಯತೊಡಗಿದರು. ‘ಇಲ್ಲಿ’ ಹೋಗಿ ‘ನಮ್ಮಲ್ಲಿ’ ಬಂತು. ನನ್ನ ವರದಿಯಲ್ಲಿ ಲೈಕು, ಲಾಗಿನ್ ಲೆಕ್ಕದ ಜೊತೆ ಇದನ್ನೂ ಬರೆದೆ. ಮ್ಯಾನೇಜರ್ ಮೊದಲು ನಕ್ಕರು, ಆಮೇಲೆ ಆ ಸಾಲನ್ನು ಉಳಿಸಿಕೊಂಡರು.

ಆ ‘ನಮ್ಮಲ್ಲಿ’ ಜಾಸ್ತಿ ಕಂಡದ್ದು ಬೀಜ ಹಂಚಿಕೊಳ್ಳುವವರ ನಡುವೆ. ಹರಿವೆ, ದಂಟು, ಅವರೆ, ಅಜ್ಜಿ ಮನೆಯ ಬದನೆ, ಏನಿದ್ದರೂ ಕಾಗದದ ಕವರ್‌ಗೆ ಹಾಕಿ, 5 ರೂಪಾಯಿ ಸ್ಟ್ಯಾಂಪ್ ಅಂಟಿಸಿ ಅಂಚೆಗೆ ಹಾಕುತ್ತಿದ್ದರು. ಕೊರಿಯರ್ ದುಬಾರಿ, ಬೀಜದ ತೂಕವೋ ಅಷ್ಟಕ್ಕಷ್ಟೆ. ಯಾರೋ ಒಬ್ಬರು ತಮಾಷೆಗೆ ‘ಕವರ್ ಬಳಗ’ ಅಂದರು. ನಿಂತಿತು. ‘ನೀವು ಕವರ್ ಬಳಗದವರಾ?’ ಅಂತ ಲಾಲ್‌ಬಾಗ್‌ನಲ್ಲಿ ಇಬ್ಬರು ಪರಿಚಯ ಮಾಡಿಕೊಂಡರಂತೆ. ಬಳಗ, ಕೂಟ ಅಂತ ಗುಂಪಿಗೆ ಹೆಸರಿಟ್ಟು, ಜನರನ್ನು ‘ಅದರವರು’ ಅನ್ನೋದು ನಮಗೆ ಹೊಸದೇನಲ್ಲ. ಅಮೆರಿಕದ ಕನ್ನಡ ಕೂಟಗಳು, ಇಂಗ್ಲೆಂಡಿನ ಕನ್ನಡ ಬಳಗ ಎಲ್ಲ ಹಾಗೇ ನಡೆದುಕೊಂಡು ಬಂದಿವೆ.

ಇನ್ನೊಂದು ವಿಷಯ. ಕವರ್ ಬಳಗ ಅಂದರೆ ಇಡೀ ಗುಂಪಲ್ಲ. ಅದರೊಳಗಿನ ಒಂದು ಭಾಗ. ರೋಗ ಬಂದ ಎಲೆಯ ಫೋಟೋ ಹಾಕಿ ಉತ್ತರ ಪಡೆದು ಹೋಗುವವರಿಗೆ ಇವತ್ತಿಗೂ ಹೆಸರಿಲ್ಲ. ಮೆಸೇಜ್ ಕಳಿಸುವಾಗ ‘ಪ್ರಿಯ’ ಆದಮೇಲೆ ಏನು ಬರೆಯೋದು ಅನ್ನುವ ಮಾರ್ಕೆಟಿಂಗ್‌ನವರ ಹಳೇ ಕಷ್ಟಕ್ಕೆ ಅವರವರ ಸ್ವಂತ ಹೆಸರೇ ಉತ್ತರವಾಯಿತು. ಅದಂತೂ ನಮ್ಮ ಬಳಿ ಮೊದಲಿನಿಂದಲೂ ಇತ್ತು!

ಹೆಸರು ಹುಟ್ಟಿದ್ದು ಗೊತ್ತಾದ ಕೂಡಲೇ ಟೀ ಶರ್ಟ್ ಮಾತು ಮತ್ತೆ ಎದ್ದಿತು. ‘ಕವರ್ ಬಳಗ’ ಅಂತ ಪ್ರಿಂಟ್ ಹಾಕಿಸಿ, ಕೆಳಗೆ ನಮ್ಮ ಲೋಗೋ ಹಾಕೋಣ ಅಂದರು. ಅವರದ್ದನ್ನು ಅವರನ್ನೇ ಕೇಳಿ ಅಂದೆ. ಕೇಳಿದರು. ಟೀ ಶರ್ಟ್ ಬೇಡ, ಬಿಸಿಲಲ್ಲಿ ಹಳೇ ಬಟ್ಟೆಯೇ ಸಾಕು, ಕೊಡೋದಿದ್ದರೆ ಕವರ್ ಕೊಡಿ ಅಂತ ಉತ್ತರ ಬಂತು. ಅಳತೆಯನ್ನೂ ಅವರೇ ಹೇಳಿದರು. ಬೀಜದ ಹೆಸರು, ಬೀಜ ತೆಗೆದ ತಿಂಗಳು, ಯಾವ ಊರಿನದು, ಇಷ್ಟು ಬರೆಯಲು ಮೂರು ಗೆರೆ ಬೇಕು, ಲೋಗೋ ಹಿಂದುಗಡೆ ಇರಲಿ ಅಂದರು. ಹಾಗೇ ಮಾಡಿಸಿದೆವು. ಟೀ ಶರ್ಟ್‌ಗೆ ಅಂತ ಇಟ್ಟಿದ್ದ ದುಡ್ಡಿನಲ್ಲಿ ಮಿಕ್ಕಿದ್ದು ಸ್ಟ್ಯಾಂಪ್‌ಗೆ ಹೋಯಿತು.