ಚಿಕ್ಕಪ್ಪನ ಕೊಲೆಸ್ಟ್ರಾಲ್ ಮಾತ್ರೆ

14 ಜುಲೈ 2024, ಭಾನುವಾರ

ನಿನ್ನೆ ಚಿಕ್ಕಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಹೋದ ವರ್ಷ ಸ್ಟೆಂಟ್ ಹಾಕಿದಾಗಿನಿಂದ ಅವರು ರಾತ್ರಿ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಅಟೋರ್ವಾಸ್ಟಾಟಿನ್ 40 ಮಿ.ಗ್ರಾಂ ಮಾತ್ರೆ ತಗೊಳ್ತಾರೆ. ಈಗ ಎರಡೂ ತೊಡೆ, ಮೀನಖಂಡ ಎಲ್ಲ ನೋವು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಲ್ಲುತ್ತಾರೆ. ವಾಟ್ಸಾಪಿನಲ್ಲಿ ಯಾವುದೋ ವಿಡಿಯೋ ನೋಡಿ, "ಈ ಮಾತ್ರೆ ಸಹವಾಸಾನೇ ಬೇಡ" ಅಂತ ಹಟ ಹಿಡಿದಿದ್ದರು.

ಡಾಕ್ಟರು ಮೊದಲು ಮೂತ್ರದ ಬಣ್ಣ ಕೇಳಿದರು. ಸ್ನಾಯು ಕರಗುತ್ತಿದ್ದರೆ ಬರುವ ಹಾಗೆ ಕಡು ಚಹಾದ ಬಣ್ಣ ಇದೆಯಾ? ಇಲ್ಲ. ಆಮೇಲೆ, "ಬೇರೆ ಏನಾದ್ರೂ ಮಾತ್ರೆ ತಗೊಂಡ್ರಾ ಯಜಮಾನ್ರೇ?" ಅಂದರು. ಚಿಕ್ಕಮ್ಮ ಪರ್ಸಿನಿಂದ ಅರ್ಧ ಖಾಲಿಯಾದ ಸ್ಟ್ರಿಪ್ ತೆಗೆದಿಟ್ಟರು. ಕೆಮ್ಮಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಟ್ಟಿದ್ದ ಕ್ಲಾರಿಥ್ರೋಮೈಸಿನ್ 500. ಅಟೋರ್ವಾಸ್ಟಾಟಿನ್ ಅನ್ನು ಲಿವರ್ ಒಡೆದು ಹೊರಹಾಕುವ ಕೆಲಸಕ್ಕೆ ಈ ಆಂಟಿಬಯಾಟಿಕ್ ಅಡ್ಡ ಬರುತ್ತೆ, ರಕ್ತದಲ್ಲಿ ಸ್ಟಾಟಿನ್ ಏರುತ್ತಾ ಹೋಗುತ್ತೆ, ಅದರಿಂದ ಸ್ನಾಯು ನೋವು ಬರಬಹುದು. ಹೃದಯದ ಮಾತ್ರೆ ಏನಾದ್ರೂ ಇದೆಯಾ ಅಂತ ಒಂದು ಮಾತು ಕೇಳದೆ ಹೀಗೆ ಕೊಡ್ತಾರಲ್ಲ, ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಇದು ಸಣ್ಣ ವಿಷಯ ಅಲ್ಲ. ಬೇಯರ್ ಕಂಪನಿಯ ಸೆರಿವಾಸ್ಟಾಟಿನ್ ಅನ್ನೋ ಇನ್ನೊಂದು ಸ್ಟಾಟಿನ್ ಅನ್ನು 2001ರಲ್ಲಿ ಮಾರುಕಟ್ಟೆಯಿಂದಲೇ ವಾಪಸ್ ತಗೊಂಡರು. ಸ್ನಾಯು ಕರಗಿ, ಕಿಡ್ನಿ ಕೈಕೊಟ್ಟು ಜನ ಸತ್ತಿದ್ದರು. ಜೆಮ್‌ಫೈಬ್ರೋಜಿಲ್ ಅನ್ನೋ ಇನ್ನೊಂದು ಮಾತ್ರೆ ಜೊತೆ ತಗೊಂಡವರಿಗೆ ಅಪಾಯ ಬಹಳ ಜಾಸ್ತಿ ಇತ್ತು. ಈಗಿನ ಸ್ಟಾಟಿನ್‌ಗಳಲ್ಲಿ ಅಷ್ಟು ಆಗೋದು ತೀರಾ ಅಪರೂಪ. ಸಕ್ಕರೆ ಕಾಯಿಲೆಯ ಅಂಚಿನಲ್ಲಿ ಇರುವವರಿಗೆ ಸಕ್ಕರೆ ಸ್ವಲ್ಪ ಏರಬಹುದು, ಅದನ್ನು ನೋಡಿಕೊಳ್ಳಬೇಕು.

ಹಾಗಂತ ಎಲ್ಲ ಕಾಲುನೋವೂ ಸ್ಟಾಟಿನ್‌ನಿಂದಲೇ ಅಲ್ಲ. ತೊಂದರೆ ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರ ಮೇಲೆ ಬ್ರಿಟನ್ನಿನಲ್ಲಿ ಒಂದು ಪ್ರಯೋಗ ಮಾಡಿದ್ದರು, 2020ರಲ್ಲಿ ಫಲಿತಾಂಶ ಬಂತು. ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧಿಯೇ ಇಲ್ಲದ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ. ಸ್ಟಾಟಿನ್‌ನಲ್ಲಿ ಆದ ತೊಂದರೆಯ ನೂರಕ್ಕೆ 90 ಪಾಲು ಆ ಖಾಲಿ ಮಾತ್ರೆಯಲ್ಲೂ ಆಗಿತ್ತು! ನೋವು ನಿಜ, ಆದರೆ ಬಹುಪಾಲು ಅದಕ್ಕೆ ಕಾರಣ ಔಷಧಿ ಅಲ್ಲ, ಮಾತ್ರೆ ತೊಂದರೆ ಕೊಡುತ್ತೆ ಅನ್ನೋ ನಿರೀಕ್ಷೆ.

ಚಿಕ್ಕಪ್ಪನಿಗೆ ಸಿಕೆ (ಸ್ನಾಯುಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶ) ಮತ್ತು ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇವೆ. ರಿಪೋರ್ಟ್ ಬರುವ ತನಕ ಎರಡೂ ಮಾತ್ರೆ ಬಂದ್. ಸ್ಟೆಂಟ್ ಇರುವವರು ಸ್ಟಾಟಿನ್ ಬಹಳ ದಿನ ಬಿಟ್ಟಿರಬಾರದು, ಮತ್ತೆ ಶುರು ಮಾಡೋಣ ಅಂದರು ಡಾಕ್ಟರು. ನೋವು ಇಳಿದ ಮೇಲೆ ನೋಡೋಣ ಅಂತ ಚಿಕ್ಕಪ್ಪ ಅರೆಮನಸ್ಸಿನಿಂದ ಒಪ್ಪಿದ್ದಾರೆ.