ಆರ್ಡರ್ ಪುಸ್ತಕದ ಕೊನೆಯ ಪುಟ

ಮಂಡ್ಯ
2025 ಜನವರಿ 11, ಶನಿವಾರ, ರಾತ್ರಿ 11.20

ಸಂಕ್ರಾಂತಿಗೆ ಇನ್ನು ಮೂರೇ ದಿನ. ಹನ್ನೊಂದು ರವಿಕೆ ಬಾಕಿ ಇವೆ, ಅವುಗಳಲ್ಲಿ ಮೂರಕ್ಕೆ ಹುಕ್ಕು ಹಾಕುವುದಷ್ಟೇ ಉಳಿದಿದೆ. ಮೆಷಿನ್ ತುಳಿದರೆ ಪುಟ್ಟಿ ಏಳುತ್ತಾಳೆಂದು ರಾತ್ರಿಗೆ ಕೈಕೆಲಸ ಮಾತ್ರ ಇಟ್ಟುಕೊಳ್ಳುತ್ತೇನೆ. ತಮಾಷೆಯೆಂದರೆ, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಜೋರಾಗಿ ಹಾಕಿಕೊಂಡು ಸಾಲಾಗಿ ಹೋದರೂ ಅವಳಿಗೆ ಎಚ್ಚರವಾಗುವುದಿಲ್ಲ. ಕಾಲಿನ ಬ್ರೇಸಿನ ವೆಲ್ಕ್ರೊ ಪಟ್ಟಿ ಪರ್ರೆಂದರೆ ಸಾಕು, ಎರಡು ಕಣ್ಣೂ ತೆರೆಯುತ್ತವೆ.

ಇವತ್ತು ಮಗಳ ಬ್ರೇಸ್, ಅಂದರೆ ಪಾದ ಕೆಳಕ್ಕೆ ಬಾಗದಂತೆ ಹಿಡಿದಿಡುವ ಪ್ಲಾಸ್ಟಿಕ್ ಕವಚ, ಸರಿ ಮಾಡಿಸಲು ಮೈಸೂರಿಗೆ ಹೋಗಿ ಬಂದೆವು. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿತು. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗ ಪುಟ್ಟಿ ಎಂದಿನಂತೆ ಒಂದು ರೂಪಾಯಿ ಕೇಳಿ ಪಡೆದು ನೀರಿಗೆ ಎಸೆದಳು. ಏನು ಬೇಡಿಕೊಂಡೆ ಎಂದರೆ, "ಚುರುಮುರಿ" ಎಂದಳು. ಹೊಳೆಯ ಬದಲು ನನ್ನನ್ನೇ ಕೇಳಿದ್ದರೆ ರೂಪಾಯಿ ಉಳಿಯುತ್ತಿತ್ತು.

ಅವಳಿಗೀಗ ಆರು ವರ್ಷ. ಏಳೂವರೆ ತಿಂಗಳಿಗೇ ಹುಟ್ಟಿದಳು. ಸೆರೆಬ್ರಲ್ ಪಾಲ್ಸಿ ಎಂದು ತಿಳಿದಾಗ ಒಂದೂವರೆ ವರ್ಷ ತುಂಬಿತ್ತು. ಮಿದುಳಿಗೆ ಆದ ಪೆಟ್ಟು ಅಷ್ಟಕ್ಕೇ ನಿಂತಿದೆ, ಅದು ಬೆಳೆಯುವುದಿಲ್ಲ. ಬೆಳೆಯುವುದು ಮಗು. ಮೂಳೆ ಉದ್ದವಾಗುತ್ತದೆ, ಸದಾ ಬಿಗಿದಿರುವ ಸ್ನಾಯು ಅದರ ಸಮಕ್ಕೆ ಉದ್ದವಾಗುವುದಿಲ್ಲ. ಬೆಳೆಯುವ ಹುಡುಗಿಯ ಲಂಗಕ್ಕೆ ನಾನು ಅಂಚಿನಲ್ಲಿ ನಾಲ್ಕು ಬೆರಳು ಒಳಮಡಿಕೆ ಇಟ್ಟು ಹೊಲಿಯುತ್ತೇನೆ, ವರ್ಷಕ್ಕೊಮ್ಮೆ ಬಿಚ್ಚಿ ಇಳಿಸಿದರೆ ಆಯಿತು. ಇವಳ ಮೀನಖಂಡಕ್ಕೆ ಒಳಮಡಿಕೆ ಇಟ್ಟವರಿಲ್ಲ. ಹಿಮ್ಮಡಿ ಮೇಲೆದ್ದು, ವಾಕರ್ ಹಿಡಿದು ನಡೆಯುವಾಗಲೂ ತುದಿಗಾಲಿನಲ್ಲೇ ನಡೆಯುತ್ತಾಳೆ. ಅದಕ್ಕೇ ಹಗಲಿಗೊಂದು ಜೊತೆ ಬ್ರೇಸ್, ರಾತ್ರಿಗೊಂದು ಜೊತೆ.

ಹೋದ ವರ್ಷ ಬೇರೊಂದು ಕಡೆ ಮಾಡಿಸಿದ ರಾತ್ರಿ ಬ್ರೇಸಿನ ಕಥೆ ಬರೆಯದೆ ಇದ್ದರೆ ನನಗೆ ಸಮಾಧಾನವಾಗುವುದಿಲ್ಲ. ಪ್ಲಾಸ್ಟರ್ ಅಚ್ಚು ತೆಗೆಯುವಾಗ ಮಗು ಅಳುತ್ತಿತ್ತು, ಅವರಿಗೆ ಆತುರವಿತ್ತು. ಕಾಲು ಸೆಟೆದುಕೊಂಡಿದ್ದಾಗಲೇ ಅಚ್ಚು ತೆಗೆದರು. ಉಸಿರು ಬಿಗಿಹಿಡಿದ ಹೆಂಗಸಿನ ಅಳತೆ ತೆಗೆದುಕೊಂಡು ರವಿಕೆ ಹೊಲಿದರೆ ಏನಾಗುತ್ತದೋ ಅದೇ ಆಯಿತು. ಹಿಮ್ಮಡಿ ಬ್ರೇಸಿನ ತಳಕ್ಕೆ ಕೂರಲೇ ಇಲ್ಲ, ಒಂದು ಬೆರಳು ತೂರುವಷ್ಟು ಜಾಗ ಉಳಿಯಿತು. ನೋಡಿದವರಿಗೆ ಪಾದ ತೊಂಬತ್ತು ಡಿಗ್ರಿಗೆ ನಿಂತಂತೆಯೇ ಕಾಣುತ್ತಿತ್ತು. ಆದರೆ ಹಿಮ್ಮಡಿ ಕೂರದೆ ಮುಂಗಾಲನ್ನಷ್ಟೇ ಮೇಲಕ್ಕೆ ಒತ್ತಿದರೆ ಪಾದ ನಟ್ಟನಡುವೆ ಬಗ್ಗುತ್ತದೆ, ಮೀನಖಂಡ ಹಿಗ್ಗುವುದಿಲ್ಲ. ಇದು ನನಗೆ ತಿಳಿಯಲು ಐದು ತಿಂಗಳು ಬೇಕಾಯಿತು. ಮೂವತ್ತೆರಡರ ಎದೆ ಸುತ್ತಳತೆಗೆ ಮೂವತ್ತರ ರವಿಕೆ ಕೊಟ್ಟಿದ್ದರೆ ಗಿರಾಕಿಗಳು ನನ್ನನ್ನು ಸುಮ್ಮನೆ ಬಿಡುತ್ತಿದ್ದರೇ? ನಾವು ಮಾತ್ರ ಕೈಮುಗಿದು ಹಣ ಎಣಿಸಿ ಬಂದೆವು.

ಇವತ್ತು ಹೋದ ಕಡೆಯವರು ಹಾಗಲ್ಲ. ಬ್ರೇಸ್ ಹಾಕಿಸಿ ಹತ್ತು ನಿಮಿಷ ಕೂರಿಸಿ, ಬಿಚ್ಚಿ, ಒಳಗಾಲಗಿಣ್ಣಿನ ಮೂಳೆಯ ಮೇಲಿದ್ದ ಕೆಂಪು ಗುರುತಿಗೆ ಲಿಪ್‌ಸ್ಟಿಕ್ ಬಳಿದರು. ಮತ್ತೆ ಹಾಕಿ ತೆಗೆದಾಗ ಬಣ್ಣ ಪ್ಲಾಸ್ಟಿಕ್‌ನ ಒಳಮೈಗೆ ಅಂಟಿತ್ತು. ಎಲ್ಲಿ ಒತ್ತುತ್ತಿದೆಯೋ ಸರಿಯಾಗಿ ಅಲ್ಲೇ. ಬಿಸಿಗಾಳಿ ಊದುವ ಗನ್ನಿನಿಂದ ಆ ಜಾಗವನ್ನಷ್ಟೇ ಮೆತ್ತಗಾಗಿಸಿ, ಒಳಗಿನಿಂದ ಒತ್ತಿ ಹೊರಕ್ಕೆ ಉಬ್ಬಿಸಿದರು. ನಮ್ಮಲ್ಲಿ ಸೀಮೆಸುಣ್ಣ, ಅವರಲ್ಲಿ ಲಿಪ್‌ಸ್ಟಿಕ್. ಕೆಲಸ ಒಂದೇ. ಪುಟ್ಟಿ ಉಳಿದ ಬಣ್ಣವನ್ನು ತುಟಿಗೆ ಹಚ್ಚಿಸಿಕೊಂಡೇ ಎದ್ದಳು. ಒಂದು ಗಂಟೆ ಹಾಕಿ ನೋಡಿ, ತೆಗೆದ ಮೇಲೆ ಕೆಂಪು ಗುರುತು ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮಾಯವಾದರೆ ರಾತ್ರಿಗೂ ಹಾಕಬಹುದು, ಉಳಿದರೆ ಹಾಕದೆ ಫೋನ್ ಮಾಡಿ ಎಂದು ಕಳುಹಿಸಿದರು.

ಫಿಸಿಯೋ ಮೇಡಂ ಅಲ್ಲಿಗೇ ಬಂದಿದ್ದರು. ನನ್ನ ಆರ್ಡರ್ ಪುಸ್ತಕದ ಕೊನೆಯ ಪುಟ ತೋರಿಸಿದೆ. ಮುಂದಿನಿಂದ ಗಿರಾಕಿಗಳ ಅಳತೆ, ಹಿಂದಿನಿಂದ ಪುಟ್ಟಿ ಬ್ರೇಸ್ ಹಾಕಿಕೊಂಡ ಗಂಟೆಗಳು. "ಸೋಮವಾರ 2.10. ಮಂಗಳವಾರ ಅಳು, ಇಲ್ಲ. ಬುಧವಾರ 3.00." ಅವರು ಓದುತ್ತಿದ್ದಂತೆ ನನಗೇ ನಾಚಿಕೆಯಾಗಿ, "ರಾತ್ರಿಯಿಡೀ ಹಾಕುವುದಕ್ಕೆ ಆಗುತ್ತಲೇ ಇಲ್ಲ ಮೇಡಂ" ಎಂದೆ.

"ರಾತ್ರಿಯಿಡೀ ಎಂದು ನಿಮಗೆ ಹೇಳಿದವರು ಯಾರು?" ಎಂದರು.

ಯಾರೆಂದು ನನಗೂ ನೆನಪಾಗಲಿಲ್ಲ. ಹೆಸರೇ ರಾತ್ರಿ ಬ್ರೇಸ್ ಅಲ್ಲವೇ.

ಅವರು ಹೇಳಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ. 1988ರಲ್ಲಿ ತಾರ್ದಿಯು ಎಂಬುವರು ಸಂಗಡಿಗರೊಡನೆ ಇಂಥ ಮಕ್ಕಳ ಮೀನಖಂಡದ ಒಳಸ್ನಾಯುವನ್ನು ದಿನಕ್ಕೆ ಎಷ್ಟು ಹೊತ್ತು ಹಿಗ್ಗಿಸಿಡಬೇಕು ಎಂದು ಅಳೆದು ನೋಡಿದರಂತೆ. ಸುಮಾರು ಆರು ಗಂಟೆ ಹಿಗ್ಗಿದವರಲ್ಲಿ ಬಿಗಿತ ಮುಂದುವರಿಯಲಿಲ್ಲ, ಎರಡೇ ಗಂಟೆ ಹಿಗ್ಗಿದವರಲ್ಲಿ ಮುಂದುವರಿಯಿತು. ಅಳೆದದ್ದು ಕೆಲವೇ ಮಕ್ಕಳನ್ನು, ಹಾಗಾಗಿ ಅದನ್ನು ಶಾಸನವೆಂದುಕೊಳ್ಳಬೇಡಿ ಎಂದೂ ಹೇಳಿದರು. ರಾತ್ರಿ ಬ್ರೇಸಿನ ವಿಷಯದಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ನಿದ್ದೆಗೆಟ್ಟ ಮಗು ಮರುದಿನ ವ್ಯಾಯಾಮವನ್ನೂ ಮಾಡುವುದಿಲ್ಲ, ಪಾಠವನ್ನೂ ಕೇಳುವುದಿಲ್ಲ. ಸಂಜೆ ಟಿವಿ ನೋಡುವಾಗ ಹಾಕಿದ್ದೂ ಹಿಗ್ಗಿಸಿದ ಲೆಕ್ಕವೇ, ಅದನ್ನೂ ಕೂಡಿಸಿ ಎಂದರು.

ಒಂದು ವರ್ಷದಿಂದ ನಾನು ಸಂಜೆಯದನ್ನು ಬರೆದೇ ಇರಲಿಲ್ಲ.

ಇನ್ನೊಂದು ಸಂಗತಿಗೆ ನಾನು ಬೆಪ್ಪಾದೆ. ಮೀನಖಂಡದಲ್ಲಿ ಎರಡು ಸ್ನಾಯುಗಳು, ಹೊರಗಿನದು ಮಂಡಿಯನ್ನೂ ದಾಟಿ ತೊಡೆಯ ಮೂಳೆಗೆ ಅಂಟಿರುತ್ತದೆ. ಪುಟ್ಟಿ ಚಳಿಗೆ ಮುದುಡಿ ಮಂಡಿ ಮಡಚಿದಳೆಂದರೆ ಅದು ಸಡಿಲ, ಬ್ರೇಸ್ ಹಾಕಿದ್ದರೂ ಒಳಗಿನದಷ್ಟೇ ಹಿಗ್ಗುತ್ತದೆ. ಮಂಡಿ ಮಡಚದಂತೆ ಉದ್ದನೆಯ ಪಟ್ಟೆಯೂ ಇದೆಯಂತೆ. ಈಗಲೇ ಬೇಡ, ಟಿವಿ ನೋಡುವಾಗ ಗೋಡೆಗೆ ಒರಗಿಸಿ ಕಾಲು ನೀಡಿಸಿ ಕೂರಿಸಿ, ರಾತ್ರಿ ಹೇಗೆ ಬೇಕೋ ಹಾಗೆ ಮಲಗಲಿ ಎಂದರು.

ಹೋದ ತಿಂಗಳು ನಾನೊಂದು ಹುಚ್ಚು ಕೆಲಸ ಮಾಡಿದ್ದೆ. "ನೀನೂ ಹಾಕಿಕೋ" ಎಂದು ಇವಳು ಹಟ ಹಿಡಿದಳೆಂದು, ಮರದ ಎಲ್ ಸ್ಕೇಲನ್ನು ಪಾದದಡಿಗೆ ಕೊಟ್ಟು, ಸೊಂಟದ ಪಟ್ಟಿಯ ಬಕ್ರಮ್ ಸುತ್ತಿ ಬಲಗಾಲು ಕಟ್ಟಿಕೊಂಡು ಮಲಗಿದೆ. ಮೊದಲ ಕಾಲು ಗಂಟೆ ಏನೂ ಅನಿಸಲಿಲ್ಲ. ಆಮೇಲೆ ನೋವಿಗಿಂತ ಹೆಚ್ಚಾಗಿ ಕಾಡಿದ್ದು ಹೊರಳಲಾಗದ ಸಿಟ್ಟು. ಹೊದಿಕೆ ಸ್ಕೇಲಿಗೆ ಸಿಕ್ಕಿಕೊಳ್ಳುತ್ತದೆ, ಬೆರಳು ತುರಿಸುತ್ತದೆ, ಕೈ ಎಟುಕುವುದಿಲ್ಲ. ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕತ್ತರಿಯಿಂದ ಕತ್ತರಿಸಿ ಎಸೆದೆ. ಪುಟ್ಟಿ ಅವತ್ತು ಮೂರು ಗಂಟೆ ಹಾಕಿಕೊಂಡಿದ್ದಳು. ಅದಾದ ಮೇಲೆ "ಸ್ವಲ್ಪ ಸಹಿಸಿಕೋ" ಎಂಬ ಮಾತು ನನ್ನ ಬಾಯಿಂದ ಬಂದಿಲ್ಲ.

ಮನೆಗೆ ಬಂದ ಮೇಲೆ ಅತ್ತೆಯವರೊಡನೆ ಎಣ್ಣೆಯ ವಿಚಾರ ಎದ್ದಿತು. ದಿನವೂ ಸಂಜೆ ಮೊಮ್ಮಗಳ ಕಾಲಿಗೆ ಹರಳೆಣ್ಣೆ ತಿಕ್ಕುತ್ತಾರೆ. ಅವಳಿಗೂ ಅದು ಇಷ್ಟ, ಕಾಲು ಮೆತ್ತಗಾಗುವುದೂ ನಿಜ. ಆದರೆ ಎಣ್ಣೆಗಾಲು ಬ್ರೇಸಿನೊಳಗೆ ಜಾರುತ್ತದೆ, ಒಳಗಿನ ಫೋಮ್ ಕಮಟು ವಾಸನೆ ಹೊಡೆಯುತ್ತದೆ. ಹೇಗೆ ಹೇಳಲಿ ಎಂದು ಒದ್ದಾಡುತ್ತಿದ್ದಾಗ ಪುಟ್ಟಿಯೇ, "ಅಜ್ಜಿ, ಬೆಳಿಗ್ಗೆ ನೀರು ಹಾಕುವ ಮುಂಚೆ ತಿಕ್ಕು" ಎಂದಳು. ಅತ್ತೆ ನನ್ನ ಮುಖ ನೋಡಿದರು. ನಾನು ಹೇಳಿಕೊಟ್ಟದ್ದೆಂದು ಅವರಿಗೆ ಅನುಮಾನ. ದೇವರಾಣೆ, ಇಲ್ಲ.

"ನನ್ನ ಎಣ್ಣೆ ಆ ಪ್ಲಾಸ್ಟಿಕ್ಕಿಗೆ ಆಗುವುದಿಲ್ಲವೇನಮ್ಮ?" ಎಂದರು.

"ಬೆಳಗಿನ ಹೊತ್ತು ನೀವೇ ಸ್ನಾನ ಮಾಡಿಸಿದರೆ ನನಗೂ ತಿಂಡಿಗೆ ಬಿಡುವು ಸಿಗುತ್ತದೆ, ಅತ್ತೆ" ಎಂದೆ. ಒಪ್ಪಿದರು. ಬಿಸಿನೀರಿಗೆ ಹಂಡೆಯೊಲೆಯೇ ಆಗಬೇಕು, ಗೀಸರ್ ನೀರು ಬೇಡ ಎಂಬ ಷರತ್ತಿನ ಮೇಲೆ.

ಸಂಜೆ 6.30ಕ್ಕೆ ಹಾಕಿ 7.40ಕ್ಕೆ ತೆಗೆದೆ. ಎಂಟು ಗಂಟೆಗೆಲ್ಲ ಕೆಂಪು ಹೋಗಿತ್ತು. ರಾತ್ರಿ 9.50ಕ್ಕೆ, ಅವಳು ಚೆನ್ನಾಗಿ ನಿದ್ದೆಹೋದ ಮೇಲೆ, ಮತ್ತೆ ಹಾಕಿದೆ. ನಿದ್ದೆಯಲ್ಲಿ ಸೆಟೆತ ಇಳಿದಿರುತ್ತದೆ. ಹಗಲು ಬಿದಿರುಗಳದಂತಿರುವ ಕಾಲು ಹಿಟ್ಟಿನ ಮುದ್ದೆಯಂತೆ ಕೈಗೆ ಬರುತ್ತದೆ. ಹತ್ತಿ ಕಾಲುಚೀಲವನ್ನು ಒಳಮೈ ಹೊರಗೆ ಮಾಡಿ ತೊಡಿಸಿದೆ, ಹೊಲಿಗೆ ಚರ್ಮಕ್ಕೆ ತಾಗಬಾರದು. ಒಂದು ಸುಕ್ಕೂ ಇರದಂತೆ ಎಳೆದೆ. ಮಂಡಿ ಮಡಚಿ, ಹಿಮ್ಮಡಿಯನ್ನು ಹಿಂದಕ್ಕೂ ಕೆಳಕ್ಕೂ ಒತ್ತಿ ಹಿಡಿದು, ಮೊದಲು ಕಾಲಗಿಣ್ಣಿನ ಪಟ್ಟಿ. ಅದು ಗಟ್ಟಿಯಾಗಿ ಕೂತ ಮೇಲೆಯೇ ಮೀನಖಂಡದ ಪಟ್ಟಿ. ಮೇಲಿನದನ್ನು ಮೊದಲು ಬಿಗಿದರೆ ಹಿಮ್ಮಡಿ ಏಳುತ್ತದೆ. ನಮ್ಮ ಯಜಮಾನರು ಹಾಕಿದ ದಿನವೆಲ್ಲ ಹಾಗೆಯೇ ಆಗುವುದು, ಹೇಳಿದರೆ "ನನಗೆ ಗೊತ್ತು" ಎನ್ನುತ್ತಾರೆ. ವೆಲ್ಕ್ರೊಗೆ ಸಿಕ್ಕಿದ್ದ ದಾರದ ಚೂರುಗಳನ್ನು ಗುಂಡುಪಿನ್ನಿನಿಂದ ಮೊದಲೇ ಕೆದಕಿ ತೆಗೆದಿಟ್ಟಿದ್ದೆ. ದರ್ಜಿಯ ಮನೆಯಲ್ಲಿ ವೆಲ್ಕ್ರೊ ತಿಂಗಳಿಗೇ ಹಿಡಿತ ಬಿಡುತ್ತದೆ.

ರಾತ್ರಿ 2.50

ಎದ್ದಳು. ಅಳಲಿಲ್ಲ. "ಅಮ್ಮ, ಕಾಲಿಗೆ ಸಾಕಂತೆ" ಎಂದಳು, ಕಾಲು ಬೇರೆ ಯಾರೋ ಎಂಬಂತೆ. ಗಡಿಯಾರ ನೋಡದೆ ಬಿಚ್ಚಿದೆ. ಬಿಚ್ಚಿದ ಮೇಲೆ ನೋಡಿದರೆ ಎರಡೂವರೆ. ಹಿಮ್ಮಡಿಗೆ ಹತ್ತಿಯ ಹೆಣಿಗೆಯ ಅಚ್ಚು ಬಿದ್ದಿತ್ತು. ಕೂತಿದೆ ಎಂದಾಯಿತು. ಒಳಗಾಲಗಿಣ್ಣಿನ ಮೇಲೆ ಎಂಟಾಣೆಯಷ್ಟು ಅಗಲ ಕೆಂಪು. ಮೊಬೈಲ್ ಬೆಳಕು ಹಿಡಿದು ಕೂತೆ. ಈಗ ಇಪ್ಪತ್ತು ನಿಮಿಷಕ್ಕೆ ಮುಕ್ಕಾಲು ಭಾಗ ಹೋಗಿದೆ. ಅವಳು ಮಂಡಿ ಎದೆಗೊತ್ತಿಕೊಂಡು ಮಲಗಿದ್ದಾಳೆ.

ಸಂಜೆ 1.10, ರಾತ್ರಿ 4.40. ಒಟ್ಟು 5.50. ಹತ್ತು ನಿಮಿಷ ಸೇರಿಸಿ ಬರೆಯಲು ಕೈ ಹೋಗಿತ್ತು, ಬರೆಯಲಿಲ್ಲ.

ಮೂರರಲ್ಲಿ ಎರಡು ರವಿಕೆಗೆ ಹುಕ್ಕು ಆಗಿದೆ. ಮೂರನೆಯದು ಹಸಿರು ರೇಷ್ಮೆ, ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ.