ಅಮ್ಮನ ವಾಚಿನಲ್ಲಿ ಹಡಗಿನ ಸಮಯ

"ದಿನಾ ಪೆಟ್ಟಿಗೆ ಕಟ್ಟೋದು, ಬಿಚ್ಚೋದು ಇರೋ ಪ್ರವಾಸ ಇನ್ನು ನನ್ನಿಂದ ಆಗಲ್ಲ ಕಣೇ" ಅಂತ ಅಮ್ಮ ಹೇಳಿದ ದಿನವೇ ನಾನೂ ಅಕ್ಕನೂ ಕ್ರೂಸ್ ಬಗ್ಗೆ ಯೋಚಿಸಲು ಶುರು ಮಾಡಿದೆವು. ಅಮ್ಮನಿಗೆ 70 ದಾಟಿದೆ. ಮಂಡಿನೋವು ಬೇರೆ. ಹಡಗಿನಲ್ಲಾದರೆ ಬಟ್ಟೆಯನ್ನು ಒಂದು ಸಲ ಬೀರುವಿನಲ್ಲಿ ಜೋಡಿಸಿಟ್ಟರೆ ಮುಗಿಯಿತು. ನಾವು ಮಲಗಿದ್ದಾಗ ಹಡಗು ಮುಂದಿನ ಊರಿಗೆ ಹೋಗಿರುತ್ತದೆ. 7 ರಾತ್ರಿಯ ಪ್ರವಾಸ, ಮೂರು ಜನ, ಒಂದೇ ಕ್ಯಾಬಿನ್ ಅಂತ ತೀರ್ಮಾನವಾಯಿತು.

ಒಂದೇ ಕ್ಯಾಬಿನ್ ಅನ್ನೋದಕ್ಕೂ ಕಾರಣವಿದೆ. ಅಮ್ಮನಿಗೆ ಬೇರೆ ಕೋಣೆ ಕೊಡಿಸೋಣ ಅಂತ ಮೊದಲು ಅಂದುಕೊಂಡಿದ್ದೆವು. ಆದರೆ ಹಡಗಿನ ದರವೆಲ್ಲ ಒಂದು ಕೋಣೆಗೆ ಇಬ್ಬರು ಅನ್ನುವ ಲೆಕ್ಕದಲ್ಲೇ ಇರುತ್ತದೆ. ಒಬ್ಬರೇ ಇದ್ದರೆ ಹೆಚ್ಚಿನ ಕಡೆ ಎರಡನೆಯವರ ದರವನ್ನೂ ಹೆಚ್ಚುಕಮ್ಮಿ ಪೂರ್ತಿ ಕಟ್ಟಬೇಕು. ಅದೇ ಕೋಣೆಯಲ್ಲಿ ಮೂರನೆಯವರಾಗಿ ಹೋದರೆ ದರ ಎಷ್ಟೋ ಸಲ ಮೊದಲಿಬ್ಬರಿಗಿಂತ ಕಮ್ಮಿ. ಮೂರನೆಯ ಹಾಸಿಗೆ ಚಾವಣಿಯಿಂದ ಕೆಳಗಿಳಿಯುತ್ತದೆ, ಹಗಲು ಮತ್ತೆ ಮೇಲೆ ಹೋಗುತ್ತದೆ. ಅದರಲ್ಲಿ ನಾನು ಮಲಗಿದೆ.

ಖರ್ಚು ಬರೆಯಲು ಅಕ್ಕ ಒಂದು ನೋಟ್‌ಬುಕ್ ಇಟ್ಟಿದ್ದಳು. ಕ್ರೂಸ್‌ಗೆ ಹೊರಡುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ. ಜಾಹೀರಾತಿನಲ್ಲಿ "ಇಷ್ಟರಿಂದ ಶುರು" ಅಂತ ಕಾಣುವ ದರದಿಂದ ಲೆಕ್ಕ ಶುರುವಾಗುತ್ತದೆ, ಅಷ್ಟೆ. ಬಂದರಿನ ಶುಲ್ಕ ಮತ್ತು ತೆರಿಗೆ ಅದರಲ್ಲಿ ಸೇರಿದೆಯೋ ಇಲ್ಲವೋ ನೋಡಬೇಕು. ಮೂರನೆಯವರಿಗೆ ದರ ಕಮ್ಮಿ ಆದರೂ ಆ ಶುಲ್ಕ ಕಮ್ಮಿಯಾಗುವುದಿಲ್ಲ. ಆಮೇಲೆ ವಿಮೆ, ವೀಸಾ, ಬಂದರಿರುವ ಊರಿಗೆ ಹೋಗುವ ಖರ್ಚು, ಹಿಂದಿನ ರಾತ್ರಿಯ ಹೋಟೆಲ್, ಇಳಿಯುವ ಊರುಗಳಲ್ಲಿ ಸುತ್ತಾಟ, ಇಂಟರ್‌ನೆಟ್, ಕುಡಿಯುವುದು. ಊಟ ಟಿಕೆಟ್‌ನಲ್ಲೇ ಇದೆ ಅಂತಾರೆ, ನಿಜ. ಆದರೆ ಕೆಲವು ವಿಶೇಷ ರೆಸ್ಟೋರೆಂಟ್‌ಗಳಿಗೆ ಬೇರೆ ದುಡ್ಡು. ತಂಪು ಪಾನೀಯಕ್ಕೂ ಸಾಮಾನ್ಯವಾಗಿ ಬೇರೆ. ನೀರು, ಬಫೆಯ ಚಹಾ ಕಾಫಿ ನಮ್ಮ ಹಡಗಿನಲ್ಲಿ ಉಚಿತವಾಗಿತ್ತು.

ಟಿಪ್ಸ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಬಹಳಷ್ಟು ದೊಡ್ಡ ಕಂಪನಿಗಳು ಅದನ್ನು ತಲೆಗೆ, ದಿನಕ್ಕೆ ಇಷ್ಟು ಅಂತ ತಾವೇ ಹಡಗಿನಲ್ಲಿರುವ ನಮ್ಮ ಖರ್ಚಿನ ಖಾತೆಗೆ ಹಾಕುತ್ತವೆ. ಡಾಲರ್‌ನಲ್ಲಿ ಲೆಕ್ಕ ಇಡುವ ಹಡಗುಗಳಲ್ಲಿ ಇದು 16ರಿಂದ 20 ಡಾಲರ್ ಆಸುಪಾಸು. ನಾವು ಮೂವರು, 7 ದಿನ, ಅಂದರೆ 21 ಪಾಲು. ಅಕ್ಕ ಇದನ್ನು ನೋಟ್‌ಬುಕ್‌ನಲ್ಲಿ ಬರೆದಾಗ ನನಗೆ ಒಂದು ಕ್ಷಣ ಗಾಬರಿಯಾಯಿತು. ಕೌಂಟರ್‌ಗೆ ಹೋಗಿ ಕೇಳಿದರೆ ಎಷ್ಟೋ ಹಡಗುಗಳಲ್ಲಿ ಅದನ್ನು ಕಡಿಮೆ ಮಾಡುತ್ತಾರೆ, ತೆಗೆದೂ ಹಾಕುತ್ತಾರೆ. ನಾವು ತೆಗೆಸಲಿಲ್ಲ. ತಿಂಗಳುಗಟ್ಟಲೆ ಮನೆ ಬಿಟ್ಟು ಬಂದು, ದಿನಕ್ಕೆ ಎರಡು ಸಲ ನಮ್ಮ ಕೋಣೆ ಚೊಕ್ಕ ಮಾಡುವವರ ದುಡಿಮೆಯ ದುಡ್ಡು ಅದು. ಅದನ್ನು ಮೊದಲೇ ಟಿಕೆಟ್‌ನ ಭಾಗ ಅಂತಲೇ ಲೆಕ್ಕ ಹಾಕಿಬಿಡಿ. ಹಾಗೆ ಎಲ್ಲ ಸೇರಿಸಿ ನೋಡಿದಾಗ, ಜಾಹೀರಾತಿನ ದರ 100 ಅಂತಿದ್ದರೆ ನಮಗೆ ಕೊನೆಗೆ ಆದದ್ದು 165. ವಿಮಾನದ ಖರ್ಚು ಅದರಲ್ಲಿ ಇಲ್ಲ.

ಕ್ಯಾಬಿನ್ ಆರಿಸುವುದಕ್ಕೆ ನಾವು ಮೂರು ಸಂಜೆ ಕೂತಿದ್ದೆವು. ಕೋಣೆಯ ನಂಬರನ್ನು ಕಂಪನಿಗೇ ಬಿಟ್ಟರೆ ದರ ಸ್ವಲ್ಪ ಇಳಿಯುತ್ತದೆ. ಆದರೆ ಯಾವ ಮೂಲೆ ಸಿಗುತ್ತದೋ ಗೊತ್ತಿಲ್ಲ. ಅಮ್ಮನಿಗೆ ಬಸ್ಸಿನಲ್ಲೇ ವಾಂತಿ ಬರುತ್ತದೆ. ಹಾಗಾಗಿ ಹಡಗಿನ ನಟ್ಟನಡುವೆ, ಕೆಳಗಿನ ಮಹಡಿಯಲ್ಲಿ, ಲಿಫ್ಟಿಗೆ ಹತ್ತಿರ ಬೇಕು ಅಂತ ಹುಡುಕಿದೆವು. ಉದ್ದ ಹಲಗೆಯ ಎರಡು ತುದಿ ಏರಿಳಿದರೂ ನಡುವೆ ಕೂತವರಿಗೆ ಅಲುಗಾಟ ಕಮ್ಮಿ ಅಲ್ವಾ, ಹಡಗಿನಲ್ಲೂ ಹಾಗೇ. ಇನ್ನೊಂದು ವಿಷಯ, ಮಹಡಿಗಳ ನಕ್ಷೆ ತೆಗೆದು ನಿಮ್ಮ ಕೋಣೆಯ ಮೇಲೆ ಏನಿದೆ, ಕೆಳಗೆ ಏನಿದೆ ನೋಡಿ. ಎರಡೂ ಕಡೆ ಕ್ಯಾಬಿನ್‌ಗಳೇ ಇದ್ದರೆ ಒಳ್ಳೆಯದು. ಮೇಲೆ ಈಜುಕೊಳದ ಅಂಗಳ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಕೆಳಗೆ ನಾಟಕಶಾಲೆ ಇದ್ದರೆ ರಾತ್ರಿ ಹನ್ನೊಂದರವರೆಗೆ ಡ್ರಮ್.

ನಾವು ತೆಗೆದುಕೊಂಡದ್ದು ಕಿಟಕಿ ಇಲ್ಲದ ಒಳಗಿನ ಕೋಣೆ. ದೀಪ ಆರಿಸಿದರೆ ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಬೆಳಗಾಯಿತೋ ಇಲ್ಲವೋ ತಿಳಿಯುವುದಿಲ್ಲ. ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ತೋರಿಸುವ ಚಾನೆಲ್ ಇತ್ತು. ಅದನ್ನು ಸದ್ದಿಲ್ಲದೆ ಹಾಕಿಟ್ಟು ಮಲಗುತ್ತಿದ್ದೆವು. ಬೆಳಗಾದಂತೆ ಪರದೆ ನಿಧಾನವಾಗಿ ಬೆಳ್ಳಗಾಗುತ್ತಿತ್ತು. ಅಮ್ಮ ಅದನ್ನೇ ಕಿಟಕಿ ಅಂತ ಕರೆಯುತ್ತಿದ್ದಳು.

ಹೊರಡುವ ಹಿಂದಿನ ದಿನವೇ ಬಂದರಿನ ಊರಿಗೆ ಹೋಗಿ ಉಳಿದುಕೊಂಡೆವು. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಪಾಸ್‌ಪೋರ್ಟ್‌ಗಳಿಗೆ ಪ್ರವಾಸ ಮುಗಿದ ಮೇಲೂ 6 ತಿಂಗಳ ಅವಧಿ ಉಳಿದಿದೆಯಾ ಅಂತ ಬುಕ್ ಮಾಡುವಾಗಲೇ ನೋಡಿದ್ದೆವು. ಹಡಗು ಒಂದು ದೇಶದಿಂದ ಹೊರಟು, ಬೇರೆ ದೇಶ ಮುಟ್ಟಿ, ಮತ್ತೆ ಮೊದಲ ದೇಶಕ್ಕೇ ಬರುವುದಾದರೆ ಒಂದೇ ಪ್ರವೇಶದ ವೀಸಾ ಸಾಲದೇ ಹೋಗಬಹುದು. ಇದನ್ನು ತುಂಬ ಜನ ಕಡೆಗಣಿಸುತ್ತಾರೆ.

ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಚೀಟಿ ಕಟ್ಟಿ ಕೊಟ್ಟುಬಿಡಬೇಕು. ಅವು ಕೋಣೆ ಬಾಗಿಲಿಗೆ ಬರುವಾಗ ಸಂಜೆಯಾಗುತ್ತದೆ. ಅಮ್ಮನ ಬಿಪಿ ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ, ಪಾಸ್‌ಪೋರ್ಟ್ ಎಲ್ಲ ಕೈಚೀಲದಲ್ಲೇ ಇತ್ತು. ಮಾತ್ರೆಗಳನ್ನು ಮೂರು ದಿನಕ್ಕೆ ಜಾಸ್ತಿಯೇ ಇಟ್ಟುಕೊಂಡಿದ್ದೆವು. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಬಿಲ್ಲು ನೇರವಾಗಿ ನಮ್ಮ ಖಾತೆಗೆ ಬರುತ್ತದೆ. ನಡುನೀರಿನಿಂದ ರೋಗಿಯನ್ನು ದಡಕ್ಕೆ ಸಾಗಿಸಬೇಕಾಗಿ ಬಂದರೆ ಆ ಖರ್ಚು ಒಂದು ಸಂಸಾರವನ್ನೇ ಅಲ್ಲಾಡಿಸುವಷ್ಟಾಗುತ್ತದೆ. ವಿಮೆ ತೆಗೆದುಕೊಳ್ಳುವಾಗ ಇದು ಸೇರಿದೆಯಾ ಅಂತ ಕೇಳಲೇಬೇಕು.

ಒಂದು ಪೆಟ್ಟಿಗೆ ರಾತ್ರಿ ಎಂಟಾದರೂ ಬರಲಿಲ್ಲ. ಅದು ಅಮ್ಮನದು. ಕೆಳಗೆ ಭದ್ರತಾ ಕೋಣೆಗೆ ಕರೆ ಬಂತು. ಅಮ್ಮ ನಮಗೆ ಹೇಳದೆ ಪುಟ್ಟ ಎಲೆಕ್ಟ್ರಿಕ್ ಕೆಟಲ್ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಅವಳಿಗೆ ಬಿಸಿನೀರು ಬೇಕು. ಅಲ್ಲಿದ್ದ ಹುಡುಗ ತುಂಬ ಗೌರವದಿಂದಲೇ ಹೇಳಿದ. "ಕಾಯುವ ವಸ್ತು ಯಾವುದೂ ಕೋಣೆಯಲ್ಲಿ ಇರುವ ಹಾಗಿಲ್ಲ ಅಮ್ಮ. ಕೆಟಲ್, ಇಸ್ತ್ರಿಪೆಟ್ಟಿಗೆ, ಮೇಣದಬತ್ತಿ ಯಾವುದೂ ಇಲ್ಲ. ಕೊನೆಯ ದಿನ ವಾಪಸ್ ಕೊಡುತ್ತೇವೆ." ಕರೆಂಟು ದಿಢೀರ್ ಏರಿದರೆ ತಡೆಯುವ (ಸರ್ಜ್) ಎಕ್ಸ್‌ಟೆನ್ಶನ್ ಬೋರ್ಡನ್ನೂ ಅವರು ಬಿಡುವುದಿಲ್ಲ. ಅಮ್ಮನಿಗೆ ಬೇಜಾರಾಯಿತು. ನನಗೂ ಆಯಿತು. ಆದರೆ ಸಮುದ್ರದ ನಡುವೆ ಬೆಂಕಿ ಬಿದ್ದರೆ ಹೊರಗೆ ಓಡಲು ಬೀದಿ ಇಲ್ಲ. ಹಡಗಿನವರು ಎಲ್ಲಕ್ಕಿಂತ ಹೆದರುವುದು ಬೆಂಕಿಗೆ. ಮಾರನೆ ದಿನದಿಂದ ನಾನೇ ಬೆಳಿಗ್ಗೆ ಬಫೆಗೆ ಹೋಗಿ ಫ್ಲಾಸ್ಕ್‌ನಲ್ಲಿ ಬಿಸಿನೀರು ತಂದುಕೊಡುತ್ತಿದ್ದೆ.

ಅದಕ್ಕೂ ಮೊದಲು, ಹಡಗು ಹೊರಡುವ ಮುಂಚೆ, ಸುರಕ್ಷತಾ ಡ್ರಿಲ್ ಆಗಿತ್ತು. ಫೋನಿನಲ್ಲೋ ಟಿವಿಯಲ್ಲೋ ವಿಡಿಯೋ ನೋಡಿ, ನಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಹಡಗಿನವರು ಕೊಟ್ಟ ಕಾರ್ಡ್ ತೋರಿಸಿ ಬರಬೇಕು. ಏಳು ಚಿಕ್ಕ ಸದ್ದು, ಆಮೇಲೆ ಒಂದು ಉದ್ದ ಸದ್ದು ಕೇಳಿದರೆ ಅದು ಅಪಾಯದ ಗುರುತು. ಸುತ್ತ ಇದ್ದವರು ಬೇಗ ಮುಗಿಸಿ ಊಟಕ್ಕೆ ಓಡುತ್ತಿದ್ದರು. ನನಗೆ ಹಾಗೆ ಮಾಡಲು ಮನಸ್ಸಾಗಲಿಲ್ಲ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆ ದಿನವೇ ಹಡಗು ಹತ್ತಿದ್ದ ನೂರಾರು ಜನಕ್ಕೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಗಿನ ನಿಯಮದ ಪ್ರಕಾರ 24 ಗಂಟೆಯೊಳಗೆ ಮಾಡಿಸಿದರೆ ಸಾಕಿತ್ತು. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಹುಟ್ಟಿದ, ಸಮುದ್ರದಲ್ಲಿ ಜೀವರಕ್ಷಣೆಗೆ ದೇಶದೇಶಗಳು ಮಾಡಿಕೊಂಡ ಸೋಲಾಸ್ ಒಪ್ಪಂದವನ್ನು ಆಮೇಲೆ ತಿದ್ದಿದರು. ಈಗ ಹಡಗು ಹೊರಡುವ ಮುಂಚೆ, ಇಲ್ಲವೇ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ಅಪಾಯದಲ್ಲಿ ಲಿಫ್ಟ್ ಬಳಸುವ ಹಾಗಿಲ್ಲ ಅಂತ ತಿಳಿದ ಅಮ್ಮ, ಕೋಣೆಯಿಂದ ಆ ಜಾಗಕ್ಕೆ ಮೆಟ್ಟಿಲಲ್ಲೇ ಹೋಗಿ ನೋಡೋಣ ಅಂದಳು. ಎರಡು ಮಹಡಿ, 34 ಮೆಟ್ಟಿಲು. ಕಂಬಿ ಹಿಡಿದು, ಎರಡು ಕಡೆ ನಿಂತು ಸುಧಾರಿಸಿಕೊಂಡು ಹತ್ತಿದಳು. ಕೆಳಗಿನ ಕೋಣೆ ತೆಗೆದುಕೊಂಡದ್ದು ಈ ವಿಷಯಕ್ಕೂ ಒಳ್ಳೆಯದಾಯಿತು ಅಂತ ಆಗ ಅನ್ನಿಸಿತು.

ಆ ಸಂಜೆಯೇ ಅಮ್ಮ ಕೌಂಟರ್‌ನಲ್ಲಿ ಸಮಯ ಕೇಳಿ ತನ್ನ ಹಳೆಯ ಕೈಗಡಿಯಾರ ಸರಿಮಾಡಿಕೊಂಡಳು. ನಾನೂ ಅಕ್ಕನೂ ಫೋನ್ ಇದೆಯಲ್ಲ ಅಂತ ಸುಮ್ನಿದ್ದೆವು.

ನಾಲ್ಕನೆಯ ದಿನ ಒಂದು ಸಣ್ಣ ದ್ವೀಪ. ಅಲ್ಲಿನ ಕಟ್ಟೆಗೆ ಅಷ್ಟು ದೊಡ್ಡ ಹಡಗು ಬರಲಾಗದು. ಹಡಗು ದೂರದಲ್ಲೇ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುತ್ತದೆ. ಇದಕ್ಕೆ ಟೆಂಡರ್ ಅನ್ನುತ್ತಾರೆ. ಹೋಗಲು ಬರಲು ಸಾಲು ನಿಲ್ಲಬೇಕು. ಅಲೆ ಜೋರಾಗಿದ್ದರೆ ಆ ಊರೇ ರದ್ದಾಗಬಹುದು. ಕೊನೆಯ ಟೆಂಡರ್ ನಾಲ್ಕೂವರೆಗೆ ಅಂತ ಹಡಗಿನವರು ದಿನಾ ಕೊಡುವ ಹಾಳೆಯಲ್ಲಿ ಅಚ್ಚಾಗಿತ್ತು. ಹಡಗಿನವರದೇ ಪ್ರವಾಸ ತೆಗೆದುಕೊಂಡರೆ ಬಸ್ಸು ತಡವಾದರೂ ಹಡಗು ಕಾಯುತ್ತದೆ. ಅದು ದುಬಾರಿ ಅಂತ ನಾವು ನಮ್ಮಷ್ಟಕ್ಕೆ ಹೊರಟಿದ್ದೆವು. ಹಾಗೆ ಹೋದವರಿಗೆ ಯಾರೂ ಕಾಯುವುದಿಲ್ಲ.

ಹಡಗಿನಲ್ಲಿರುವಾಗ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲೇ ಇಟ್ಟಿದ್ದೆ. ಇಲ್ಲದಿದ್ದರೆ ಹಡಗಿನ ಸ್ವಂತ ಮೊಬೈಲ್ ಜಾಲಕ್ಕೆ ಸಿಕ್ಕಿಕೊಂಡು ಬಿಲ್ಲು ವಿಪರೀತ ಏರುತ್ತದೆ. ದಡ ಮುಟ್ಟಿದ ಮೇಲೆ ಮೋಡ್ ತೆಗೆದೆ. ಫೋನ್ ತನ್ನಷ್ಟಕ್ಕೆ ದ್ವೀಪದ ಸಮಯಕ್ಕೆ ಹೋಯಿತು. ಅದು ಹಡಗಿನ ಸಮಯಕ್ಕಿಂತ ಒಂದು ಗಂಟೆ ಹಿಂದೆ. ನನಗೆ ಅದು ಗೊತ್ತಾಗಲಿಲ್ಲ. ನಮ್ಮ ಹಡಗು ಪ್ರವಾಸ ಪೂರ್ತಿ ಹೊರಟ ಬಂದರಿನ ಸಮಯವನ್ನೇ ಇಟ್ಟುಕೊಂಡಿತ್ತು.

ಒಂದು ಮರದ ನೆರಳಲ್ಲಿ ಕೂತಿದ್ದೆವು. ಎದುರಿಗೆ ನೀಲಿ ನೀರು, ದೂರದಲ್ಲಿ ನಮ್ಮ ಹಡಗು. ಫೋನ್ ನೋಡಿದರೆ ಮೂರು ಗಂಟೆ. "ಇನ್ನೂ ಒಂದೂವರೆ ಗಂಟೆ ಇದೆ, ಆ ತಿರುವಿನವರೆಗೆ ಹೋಗಿ ಬರೋಣ" ಅಂದೆ. ಅಮ್ಮ ಕೈ ನೋಡಿಕೊಂಡಳು.

"ನಾಲ್ಕು ಗಂಟೆ ಆಯ್ತಲ್ಲೇ."

"ನಿನ್ನ ವಾಚು ತಪ್ಪಿರಬೇಕು ಅಮ್ಮಾ. ಫೋನ್ ತಪ್ಪೋದಿಲ್ಲ."

"ಇದನ್ನ ನಾನು ಹಡಗಲ್ಲಿ ಕೇಳಿ ಇಟ್ಟಿದ್ದು. ನಮ್ಮನ್ನ ಕರ್ಕೊಂಡು ಹೋಗೋದು ಹಡಗು ತಾನೇ?"

ಅಕ್ಕ ಹಾಳೆ ತೆಗೆದು ಓದಿದಳು. ಎಲ್ಲ ಸಮಯವೂ ಹಡಗಿನ ಸಮಯ ಅಂತ ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು. ನನ್ನ ಎದೆ ಧಸಕ್ಕೆಂದಿತು. ದಡಕ್ಕೆ ಇಳಿಜಾರಿನಲ್ಲಿ 15 ನಿಮಿಷದ ದಾರಿ, ಆದರೆ ಅದು ನಮ್ಮ ನಡಿಗೆಗೆ. ಅಮ್ಮನಿಗೆ ಇಳಿಜಾರೇ ಕಷ್ಟ. ಒಂದು ಕಡೆ ನಾನು, ಇನ್ನೊಂದು ಕಡೆ ಅಕ್ಕ ಹಿಡಿದು ನಡೆದೆವು. ಅಮ್ಮ ಒಂದು ಮಾತೂ ಆಡಲಿಲ್ಲ. ದೋಣಿ ಹತ್ತಿದಾಗ ಅವಳ ವಾಚಿನಲ್ಲಿ ನಾಲ್ಕು ಇಪ್ಪತ್ತಾರು.

ಹಡಗಿನ ಮೇಲೆ ನಿಂತು ನೀರು ಕುಡಿಯುತ್ತಿರುವಾಗ ಧ್ವನಿವರ್ಧಕದಲ್ಲಿ ಎರಡು ಹೆಸರು ಕೂಗಿದರು. ಮತ್ತೆ ಕೂಗಿದರು. ಕಾರ್ಡ್ ಸ್ಕ್ಯಾನ್ ಆಗುವುದರಿಂದ ಯಾರು ಬಂದಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ. ಮೂರನೆಯ ಸಲ ಕೂಗಿ ಸ್ವಲ್ಪ ಹೊತ್ತಿಗೆ ಲಂಗರು ಎತ್ತಿದರು. ಅಮ್ಮ ದ್ವೀಪವನ್ನೇ ನೋಡುತ್ತ ನಿಂತಳು. ಹಾಗೆ ಉಳಿದವರ ಪಾಸ್‌ಪೋರ್ಟನ್ನು ಕೋಣೆಯ ತಿಜೋರಿಯಿಂದ ತೆಗೆದು ದಡದ ಏಜೆಂಟರಿಗೆ ಕೊಟ್ಟು ಹೋಗುತ್ತೇವೆ ಅಂತ ರಾತ್ರಿ ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದವರು ಹೇಳಿದರು. ಮುಂದಿನ ಬಂದರಿಗೆ ಅವರೇ ತಮ್ಮ ಖರ್ಚಿನಲ್ಲಿ ಬರಬೇಕು. ಆ ಇಬ್ಬರ ಕೈಯಲ್ಲೂ ಫೋನ್ ಇದ್ದಿರಬೇಕು ಅಂತ ನನಗೆ ಅವತ್ತು ರಾತ್ರಿಯೆಲ್ಲ ಅನ್ನಿಸುತ್ತಿತ್ತು. ಫೋನಿನಲ್ಲಿ ಸಮಯ ತಾನಾಗಿ ಬದಲಾಗುವುದನ್ನು ನಿಲ್ಲಿಸುವ ಆಯ್ಕೆ ಇದೆ. ಹಡಗು ಹತ್ತಿದ ಕೂಡಲೇ ಅದನ್ನು ಮಾಡಿಬಿಡಿ. ಕೆಲವು ಹಡಗುಗಳು ದಾರಿಯಲ್ಲಿ ತಮ್ಮ ಗಡಿಯಾರ ಬದಲಿಸುತ್ತವೆ. ಹಾಗಾಗಿ ದಿನಾ ಬರುವ ಹಾಳೆಯನ್ನೂ ಓದಬೇಕು.

ಉಳಿದ ದಿನಗಳು ಸರಾಗವಾಗಿ ಹೋದವು. ಊಟದ ಬಾಗಿಲಲ್ಲಿ ಕೈ ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ. ವಾಂತಿಭೇದಿ ತರುವ ನೊರೊವೈರಸ್ ಹಡಗಿನಲ್ಲಿ ಬೇಗ ಹರಡುತ್ತದೆ, ಅದಕ್ಕೆ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು.

ಕೊನೆಯ ಹಿಂದಿನ ದಿನ ನಾವು ಖಾತೆಯ ಪಟ್ಟಿ ತೆಗೆಸಿ ನೋಟ್‌ಬುಕ್ ಜೊತೆ ತಾಳೆ ನೋಡಿದೆವು. ನಾವು ಕುಡಿಯದ ಎರಡು ಪಾನೀಯ ಅದರಲ್ಲಿತ್ತು. ಕೌಂಟರ್‌ನಲ್ಲಿ ಹೇಳಿದ ಕೂಡಲೇ ತೆಗೆದರು. ಕೊನೆಯ ಬೆಳಿಗ್ಗೆ ಅದೇ ಕೌಂಟರ್ ಮುಂದೆ ಉದ್ದ ಸಾಲು ಇತ್ತು. ಖಾತೆಗೆ ಜೋಡಿಸಲು ಕ್ರೆಡಿಟ್ ಕಾರ್ಡ್ ಕೊಟ್ಟದ್ದೂ ಒಳ್ಳೆಯದಾಯಿತು. ಡೆಬಿಟ್ ಕಾರ್ಡ್ ಆದರೆ ಅವರು ಮುಂಗಡವಾಗಿ ತಡೆಹಿಡಿಯುವ ದುಡ್ಡು ಬಿಡುಗಡೆಯಾಗಲು ಕೆಲವು ದಿನ ಬೇಕು. ಅಷ್ಟು ದಿನ ನಮ್ಮದೇ ದುಡ್ಡು ನಮಗೆ ಸಿಗುವುದಿಲ್ಲ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗೆ ಇಡಬೇಕು. ನಾಳೆ ಹಾಕುವ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಒಳಗೇ ಇರಬೇಕು. ಇದನ್ನು ಅಮ್ಮನೇ ನಮಗೆ ನೆನಪಿಸಿದಳು.

ಬೆಳಿಗ್ಗೆ ಇಳಿಯುವ ದಾರಿಯಲ್ಲಿ ಒಂದು ಉದ್ದ ಮೇಜು. ಅದರ ಮೇಲೆ ಸಾಲಾಗಿ ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಶನ್ ಬೋರ್ಡ್, ಕೆಟಲ್. ಒಂದೊಂದಕ್ಕೂ ಕೋಣೆ ನಂಬರಿನ ಚೀಟಿ. ಅಮ್ಮ ತನ್ನದನ್ನು ಎತ್ತಿಕೊಂಡು, ವೈರು ಸುತ್ತಿ, ಕೈಚೀಲಕ್ಕೆ ಹಾಕಿಕೊಂಡಳು. ಮೊದಲ ದಿನದ ಆ ಹುಡುಗನೇ ಅಲ್ಲಿ ನಿಂತಿದ್ದ. "ಬೆಳಿಗ್ಗೆ ಬಿಸಿನೀರು ಸಿಕ್ಕಿತಾ ಅಮ್ಮ?" ಅಂತ ಕೇಳಿದ. ದಿನಾ ಸಿಕ್ಕಿತು ಅಂತ ಅಮ್ಮ ತಲೆ ಆಡಿಸಿದಳು.